ಗೂಡು ಕಟ್ಟಿದ ಕಾರು

ನನ್ನ ಹೆಂಡತಿಯ ರಾಜೀನಾಮೆ ಪತ್ರವನ್ನು ನಾನು ನಾಲ್ಕು ಸಲ ಬರೆದೆ. ಬರೆದುಕೊಡಿ ಎಂದವಳು ಅವಳೇ. ನಾನು ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ವಕೀಲ. ಯಾವ ಕಾಗದವನ್ನಾದರೂ ಒಂದೇ ಸಲಕ್ಕೆ ಬರೆದು ಮುಗಿಸಿದರೆ ಎಲ್ಲೋ ಏನೋ ಬಿಟ್ಟುಹೋಗಿದೆ ಎಂದು ಎದೆ ಹೊಡೆದುಕೊಳ್ಳುತ್ತದೆ. ಮೊದಲ ಪ್ರತಿಯಲ್ಲಿ ‘ಅನಾರೋಗ್ಯದ ನಿಮಿತ್ತ’ ಎಂದು ಬರೆದಿದ್ದೆ. ಯಾವ ರೋಗ ಎಂದು ಯಾರಾದರೂ ಕೇಳಿದರೆ? ಹೆದರಿ ‘ಕೌಟುಂಬಿಕ ಕಾರಣಗಳಿಂದ’ ಎಂದು ತಿದ್ದಿದೆ. ಅದನ್ನು ಓದಿದವರಿಗೆ ಗಂಡನ ಮೇಲೇ ಅನುಮಾನ ಬರುವಂತಿತ್ತು. ಮೂರನೆಯದರಲ್ಲಿ ಕಾರಣವನ್ನೇ ಬಿಟ್ಟೆ. ನಾಲ್ಕನೆಯದು ಮತ್ತೆ ಮೊದಲನೆಯದೇ. ಅದನ್ನು ಮಡಿಸಿ ಕರಿ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡು, ದಿನಕ್ಕೆ ಹತ್ತು ಸಲ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಅರವತ್ತರ ದಶಕದ ಒಂದು ಬೇಸಿಗೆ. ನನಗೆ ಆಗತಾನೇ ನಲವತ್ತು ದಾಟಿತ್ತು. ಅವಳು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಏಪ್ರಿಲ್‌ನಲ್ಲಿ ಚಿಂತಾಮಣಿಗೆ ವರ್ಗವಾಯಿತು. ಚಿಂತಾಮಣಿ ಏನು ದೂರದ ಊರಲ್ಲ, ಇಪ್ಪತ್ತೈದು ಮೈಲಿಯ ಒಳಗೇ. ಆದರೆ ನಡುವೆ ಬಸ್ಸು ಇತ್ತು. ಬಸ್ಸಿನ ಹೊಗೆ ಮೂಗಿಗೆ ಬಿದ್ದರೆ ಸಾಕು, ಅವಳ ಮುಖ ಬಿಳಿಚಿಕೊಂಡು ಹಣೆ ಬೆವರುತ್ತಿತ್ತು. ನಿಂಬೆಹಣ್ಣು ಮೂಸಿದ್ದಾಯಿತು, ಮುಂದಿನ ಸೀಟು ಹಿಡಿದದ್ದಾಯಿತು, ಉಪವಾಸ ಹೋಗಿ ನೋಡಿದ್ದೂ ಆಯಿತು. ಅರ್ಧ ದಾರಿಗೆ ಶಿಡ್ಲಘಟ್ಟ. ಅದು ಬರುವಷ್ಟರಲ್ಲಿ ಎರಡು ಸಲ ವಾಂತಿ. ಆಮೇಲೆ ಹೋಗಿ ಮಕ್ಕಳಿಗೆ ಏನು ಪಾಠ ಹೇಳುವುದು! ಪುಟ್ಟ ರೈಲೊಂದು ಓಡಾಡುತ್ತಿತ್ತು, ನಿಜ. ಅದರ ವೇಳೆಗೂ ಸ್ಕೂಲಿನ ಗಂಟೆಗೂ ಯಾವತ್ತೂ ಹೊಂದಿಕೆಯಾಗಲಿಲ್ಲ. ಮನೆಯನ್ನೇ ಅಲ್ಲಿಗೆ ಸಾಗಿಸೋಣವೆಂದರೆ ನನ್ನ ಕಕ್ಷಿಗಾರರು ಚಿಕ್ಕಬಳ್ಳಾಪುರದಲ್ಲಿದ್ದರು, ಹೆಣ್ಣುಮಕ್ಕಳಿಬ್ಬರ ಓದೂ ಅಲ್ಲೇ.

“ಜೂನ್‌ನಲ್ಲಿ ಸ್ಕೂಲು ತೆಗೆಯೋ ಹೊತ್ತಿಗೆ ಏನಾದ್ರೂ ದಾರಿ ಮಾಡಿ,” ಎಂದಳು. “ಇಲ್ದಿದ್ರೆ ಆ ಕಾಗದಕ್ಕೆ ಸೈನ್ ಹಾಕ್ಬಿಡ್ತೀನಿ. ನಂಗೇನು ಬೇಜಾರಿಲ್ಲ.”

ಬೇಜಾರಿಲ್ಲ ಎಂದವಳು ಆ ರಜೆಯಲ್ಲಿ ಹಿತ್ತಲ ಗೋಡೆಯ ಮೇಲೆ ಇದ್ದಿಲಿನಿಂದ ವೃತ್ತ ಬರೆಯುತ್ತಿದ್ದುದನ್ನು ನಾನು ನೋಡಿದೆ. ದಾರವಿಲ್ಲದೆ, ಕೈವಾರವಿಲ್ಲದೆ, ಒಂದೇ ಬೀಸಿಗೆ ತುಂಬು ವೃತ್ತ ಎಳೆಯುವುದು ಅವಳ ಹೆಮ್ಮೆ. ಬರೆದು, ನೀರು ಚೆಲ್ಲಿ, ಅಳಿಸಿ ಒಳಗೆ ಬಂದಳು. ಆವತ್ತೇ ನಾನು ಕಾರು ಕೊಳ್ಳುವುದೆಂದು ತೀರ್ಮಾನಿಸಿದೆ. ತೀರ್ಮಾನ ಎಂಬ ಮಾತನ್ನು ನನ್ನ ವಿಷಯದಲ್ಲಿ ಸ್ವಲ್ಪ ಸಡಿಲವಾಗಿ ತೆಗೆದುಕೊಳ್ಳಬೇಕು.

ಹೊಸ ಕಾರಿಗೆ ಹೆಸರು ಬರೆಸಿದರೆ ವರ್ಷಗಟ್ಟಲೆ ಕಾಯಬೇಕಾದ ಕಾಲ. ಹಳೆಯದನ್ನೇ ನೋಡಬೇಕು. ಲಾರಿ ಓಡಿಸುತ್ತಿದ್ದ ಕಕ್ಷಿಗಾರನೊಬ್ಬನ ಕೈಯಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿದೆ. ಬೆಳಿಗ್ಗೆ ಅವಳನ್ನು ಹಿಂದಿನ ಸೀಟಿನಲ್ಲಿ ಹಾಯಾಗಿ ಕೂರಿಸಿ ಚಿಂತಾಮಣಿಗೆ ಬಿಡುವುದು, ಹನ್ನೊಂದಕ್ಕೆ ಕೋರ್ಟಿಗೆ ಬರುವುದು, ಸಂಜೆ ಮತ್ತೆ ಹೋಗಿ ಕರೆತರುವುದು. ಕಾರು ಹೇಗಿದ್ದರೂ ಸರಿ, ಕುಲುಕಾಡಬಾರದು, ಅದೊಂದೇ ಷರತ್ತು. ಅದನ್ನು ಪರೀಕ್ಷಿಸಲು ಒಂದು ಹಿತ್ತಾಳೆ ಚೊಂಬು ಇಟ್ಟುಕೊಂಡೆ. ಚೊಂಬಿನ ಕಂಠದವರೆಗೆ ನೀರು ತುಂಬಿ ಹಿಂದಿನ ಸೀಟಿನ ಮೇಲಿಟ್ಟು ಒಂದು ಮೈಲಿ ಓಡಿಸುವುದು, ಎಷ್ಟು ಚೆಲ್ಲಿತೆಂದು ನೋಡುವುದು. ಕಾರು ಮಾರುವವರು ನನ್ನನ್ನೂ ಚೊಂಬನ್ನೂ ನೋಡಿ ಯಾವುದೋ ಪೂಜೆಗೆ ಬಂದಿರಬೇಕೆಂದುಕೊಳ್ಳುತ್ತಿದ್ದರು.

ಮೊದಲನೆಯದು ಗೌರಿಬಿದನೂರಿನಲ್ಲಿ. ಎಣ್ಣೆ ಗಾಣದ ಸಾಹುಕಾರರ ಕಾರು. ನೀರು ಒಂದು ಹನಿಯೂ ಚೆಲ್ಲಲಿಲ್ಲ. ನಾನು ಹಿಗ್ಗಿ ಹೆಂಡತಿಯನ್ನು ಕರೆದುಕೊಂಡು ಹೋದೆ. ಅವಳು ಬಾಗಿಲು ತೆಗೆದು, ಮೂಗು ಒಳಗಿಟ್ಟು, ಹಾಗೇ ಬಾಗಿಲು ಮುಚ್ಚಿದಳು. “ಕಡಲೇಕಾಯಿ ಹಿಂಡಿ,” ಎಂದಳು, ಅಷ್ಟೆ. ಬರುವಾಗ ಮಂಚೇನಹಳ್ಳಿಯಲ್ಲಿ ಬಸ್ಸು ನಿಲ್ಲಿಸಿ ಇಳಿಯಬೇಕಾಯಿತು. ರಸ್ತೆಬದಿಯಲ್ಲಿ ಅವಳ ಬೆನ್ನು ನೀವುತ್ತ ನಿಂತ ನನ್ನನ್ನು ನೋಡಿ ಕಂಡಕ್ಟರು, “ಎಷ್ಟನೇ ತಿಂಗಳು ಸ್ವಾಮಿ?” ಎಂದು ಮರ್ಯಾದೆಯಿಂದ ಕೇಳಿದ.

ಎರಡನೆಯದು ಚಿಂತಾಮಣಿಯ ಒಬ್ಬ ಡಾಕ್ಟರದು. ಸೀಟು ಹತ್ತಿ ಹಾಸಿಗೆಯಂತಿತ್ತು. ಆದರೆ ಬಾಗಿಲು ತೆಗೆದೊಡನೆ ಆಸ್ಪತ್ರೆಯ ವಾಸನೆ. ಅವಳು ಕೂರಲೇ ಇಲ್ಲ. ಅವಳು ಬೇಡವೆಂದದ್ದರಿಂದ ನನಗೆ ಒಳಗೊಳಗೇ ಸಮಾಧಾನವಾಯಿತೆಂದು ಈಗ ಒಪ್ಪಿಕೊಳ್ಳುತ್ತೇನೆ. ಕೊಂಡುಬಿಟ್ಟರೆ ಓಡಿಸಬೇಕಲ್ಲ! ಟೈರು ಸವೆದಿದ್ದರೆ? ಕೆರೆ ಏರಿಯ ಮೇಲೆ ಬ್ರೇಕು ಕೈಕೊಟ್ಟರೆ? ಕೋರ್ಟಿನಲ್ಲಿ ಎದುರು ವಕೀಲರು ವಾದ ಮಾಡುತ್ತಿರುವಾಗ ನಾನು ಕಾಗದದ ಅಂಚಿನಲ್ಲಿ ಕಾರಿನ ರೋಗಗಳ ಪಟ್ಟಿ ಬರೆಯುತ್ತಿದ್ದೆ. ಕೂತಲ್ಲಿ ಕೂರಲಾಗದೆ ವರಾಂಡದಲ್ಲಿ ಓಡಾಡುತ್ತಿದ್ದವನನ್ನು ನೋಡಿ ನನ್ನ ಕಕ್ಷಿಗಾರರು ತಮ್ಮ ಕೇಸು ಕೆಟ್ಟಿತೆಂದು ತಿಳಿದು ರಾಜಿಗೆ ಒಪ್ಪಿಕೊಳ್ಳುತ್ತಿದ್ದರು. ಹೀಗೇ ಮೇ ತಿಂಗಳು ಕಳೆಯುತ್ತ ಬಂತು.

ಮೂರನೆಯ ಕಾರನ್ನು ಹುಡುಕಿದವರು ನನ್ನ ಮಾವ. ಅವರ ಊರು ಶಿಡ್ಲಘಟ್ಟದಿಂದ ಚಿಂತಾಮಣಿ ರಸ್ತೆಯಲ್ಲಿ ಮೂರು ಮೈಲಿ. ಹಿಪ್ಪುನೇರಳೆ ತೋಟ, ಮನೆ ತುಂಬ ರೇಷ್ಮೆಹುಳು. ಅವರು ಗೂಡು ಮಾರುತ್ತಿದ್ದುದು ಶಿಡ್ಲಘಟ್ಟದ ಒಬ್ಬ ಸಾಹೇಬರಿಗೆ. ಸಾಹೇಬರದು ಗೂಡು ಬೇಯಿಸಿ ನೂಲು ತೆಗೆಯುವ ಫಿಲೇಚರು. ಅವರ ಬಳಿ ಬೂದಿ ಬಣ್ಣದ, ಅಗಲ ಮೂತಿಯ ಕಾರೊಂದಿತ್ತು.

ನಾವು ಹೋದಾಗ ಕಾರು ಫಿಲೇಚರಿನ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಬೆಂದ ಹುಳುವಿನ ವಾಸನೆ ಗೊತ್ತಿಲ್ಲದವರಿಗೆ ಅದನ್ನು ಹೇಳಿ ತಿಳಿಸುವುದು ಕಷ್ಟ, ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ವರ್ಷಗಳಿಂದ ಅದನ್ನು ಕುಡಿದು ಕಾರಿನ ಸೀಟು, ಚಾವಣಿಯ ಬಟ್ಟೆ ಎಲ್ಲ ಅದೇ ಆಗಿತ್ತು. ನಾನು ಕರವಸ್ತ್ರ ತೆಗೆದೆ. ಹೆಂಡತಿ ಹಿಂದಿನ ಸೀಟಿನಲ್ಲಿ ಕೂತು, ಒರಗಿ, ಕಣ್ಣು ಮುಚ್ಚಿದಳು.

“ಏನಾಯ್ತೇ?” ಎಂದೆ ಗಾಬರಿಯಿಂದ.

“ಏನಿಲ್ಲ. ನಮ್ಮನೇಲಿ ಕೂತಂಗಿದೆ.”

ಸಾಹೇಬರು ನಕ್ಕರು. “ವಕೀಲ್ ಸಾಬ್, ಈ ಗಾಡಿ ವಾಸ್ನೆಗೆ ಆರು ಜನ ಬಂದು ಆರೂ ಜನ ಓಡೋದ್ರು. ಟೀಚರಮ್ಮ ಒಬ್ರೇ ನೋಡಿ ಇದಕ್ಕೆ ಸರಿಯಾದವರು.”

ನಾನು ಚೊಂಬು ತೆಗೆದೆ. ಮಾವ ಅದನ್ನು ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದೆ. “ಏಮಂಡಿ ಅಳಿಯಂದ್ರೇ, ನೀರಿಗೇನು ವಾಂತಿ ಬರ್ತದಾ? ನಮ್ಮನೇಲಿ ಹುಳು ಹಣ್ಣಾಗವೆ. ಒಂದು ಚಂದ್ರಿಕೆ ಇಟ್ಕೊಂಡು ಹೋಗಣ. ಹುಳು ಕದಲ್ದೆ ಇದ್ರೆ ನನ್ನ ಮಗಳೂ ಕದಲ್ದೆ ಹೋಗ್ತಾಳೆ. ಸರೇನಾ?”

ಚಂದ್ರಿಕೆಯೆಂದರೆ ಬಿದಿರಿನ ತಟ್ಟೆ. ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಿರುತ್ತಾರೆ. ಎಲೆ ತಿನ್ನುವುದು ಬಿಟ್ಟು ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಅದರ ಮೇಲೆ ಬಿಟ್ಟರೆ ಅದು ಸಂದು ಹುಡುಕಿಕೊಂಡು ನೂಲು ಬಿಡತೊಡಗುತ್ತದೆ. ಆ ಹೊತ್ತಿನಲ್ಲಿ ಅದಕ್ಕೆ ಅಲುಗಾಟವಾಗದು, ಸೆಕೆಯಾಗದು. ಒಬ್ಬ ವಕೀಲ ಒಪ್ಪಬೇಕಾದ ಪರೀಕ್ಷೆಯಲ್ಲ ಅದು. ಆದರೆ ಆ ಸೀಮೆಯಲ್ಲಿ ಹುಳುವಿನ ಮಾತು ಬಂದರೆ ಎಲ್ಲರೂ ತಲೆಯಾಡಿಸುತ್ತಾರೆ. ನಾನೂ ಆಡಿಸಿದೆ.

ಮಾವನ ಮನೆಗೆ ಹೋಗಿ, ಅಂಗಳದಲ್ಲಿದ್ದ ಒಂದು ಸಣ್ಣ ಚಂದ್ರಿಕೆಯನ್ನು ಹಿಂದಿನ ಸೀಟಿನ ಮೇಲೆ ಓರೆಯಾಗಿ ಒರಗಿಸಿ ಹಗ್ಗ ಕಟ್ಟಿದರು. ಯಾತ್ರೆಯ ಊರು ಕೈವಾರದವರೆಗೆ ಹೋಗಿ ಬರುವುದೆಂದು ಮಾತಾಯಿತು. ಸಾಹೇಬರು ಓಡಿಸಿದರು, ಮಾವ ಪಕ್ಕದಲ್ಲಿ, ನಾನು ಹಿಂದೆ ಚಂದ್ರಿಕೆಯ ಪಕ್ಕ ಮುದುರಿಕೊಂಡು. ಹೆಂಡತಿ ಬರಲಿಲ್ಲ, ತನ್ನ ಬದಲು ಹುಳು ಹೋಗುತ್ತಿವೆಯಲ್ಲ ಎಂದಳು.

ಹೋಗುವಾಗ ಎಲ್ಲ ಚೆನ್ನಾಗಿತ್ತು. ಕಾರು ನಿಜವಾಗಿಯೂ ತೊಟ್ಟಿಲಿನಂತೆ ಹೋಗುತ್ತಿತ್ತು. ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತ ಮೊದಲ ಎಳೆ ಹಾಕುತ್ತಿದ್ದವು. ಕೈವಾರದಲ್ಲಿ ಮಠಕ್ಕೆ ಹೋಗಿ ಕೈಮುಗಿದು ಬರೋಣವೆಂದು ಮಾವ ಇಳಿದರು. ಸಾಹೇಬರು ಪರಿಚಯದ ಅಂಗಡಿಯೊಂದಕ್ಕೆ ಹೋದರು. “ಕಿಟಕಿ ಹಂಗೇ ಬಿಟ್ಟಿರಪ್ಪ, ಗಾಳಿ ಬೇಕು,” ಎಂದು ಮಾವ ಹೇಳಿ ಹೋದರು.

ಕೊನೆಗೆ ಇಳಿದವನು ನಾನು. ಕಾಗೆ ಬಂದರೆ? ಯಾತ್ರೆಗೆ ಬಂದವರ ಮಕ್ಕಳು ಕೈ ಹಾಕಿದರೆ? ನಾಲ್ಕೂ ಕಿಟಕಿಯ ಗಾಜು ಏರಿಸಿದೆ. ಬಿಸಿಲು ನೇರವಾಗಿ ಬೀಳುತ್ತಿದೆಯಲ್ಲ ಎಂದು ಹೆಗಲ ಮೇಲಿನ ಶಲ್ಯ ತೆಗೆದು ಚಂದ್ರಿಕೆಯ ಮೇಲೆ ಹೊದಿಸಿದೆ. ಹೊದಿಸಿದ್ದು ಸಾಲದೆಂದು ಅಂಚುಗಳನ್ನು ಸಿಕ್ಕಿಸಿದೆ. ಬಾಗಿಲು ಬಿಗಿಯಾಗಿದೆಯೇ ಎಂದು ಎರಡು ಸಲ ಎಳೆದು ನೋಡಿದೆ. ಆಮೇಲೆ ನೆಮ್ಮದಿಯಾಗಿ ದೇವರಿಗೆ ಕೈಮುಗಿಯಲು ಹೋದೆ. ನನ್ನ ಬದುಕಿನಲ್ಲಿ ನಾನು ನೆಮ್ಮದಿಯಾಗಿದ್ದ ಗಳಿಗೆಗಳನ್ನೆಲ್ಲ ಲೆಕ್ಕ ಹಾಕಿದರೆ ಪ್ರತಿಯೊಂದರ ಹಿಂದೆಯೂ ಇಂಥದೇನೋ ಒಂದು ಬೇಯುತ್ತಿತ್ತು.

ಅರ್ಧ ಗಂಟೆ ಬಿಟ್ಟು ಬಂದು ಶಲ್ಯ ತೆಗೆದರೆ ಚಂದ್ರಿಕೆ ಮುಕ್ಕಾಲು ಖಾಲಿ. ಸೆಕೆಗೆ ಕಂಗೆಟ್ಟ ಹುಳುಗಳು ನಡೆದುಬಿಟ್ಟಿದ್ದವು. ಸೀಟಿನ ಹೊಲಿಗೆಯ ಸಂದಿನಲ್ಲಿ, ಚಾವಣಿಯ ಬಟ್ಟೆ ಜೋತ ಮೂಲೆಯಲ್ಲಿ, ಬಾಗಿಲ ಹಿಡಿಯ ಹಿಂದೆ, ಎಲ್ಲೆಲ್ಲೂ ಹಳದಿ ಮೈಯ ಹುಳುಗಳು. ಒಂದು ಸ್ಟೀರಿಂಗ್‌ನ ಬುಡದಲ್ಲಿ ಆಗಲೇ ಬಲೆ ಹೆಣೆಯುತ್ತಿತ್ತು. ನಾನು ಒಂದನ್ನು ಎತ್ತಲು ಕೈ ಹಾಕಿದೆ.

“ಮುಟ್ಟಬ್ಯಾಡ!” ಮಾವ ಕೂಗಿದರು. ಹದಿನಾರು ವರ್ಷದಲ್ಲಿ ಮೊದಲ ಸಲ ನನಗೆ ಏಕವಚನ. ತಕ್ಷಣ ತಾವೇ ನಾಲಿಗೆ ಕಚ್ಚಿಕೊಂಡು, “ಎಳೆ ಹಾಕಿದ ಹುಳೂನ ಎಬ್ಬಿಸಬಾರ್ದು ಅಳಿಯಂದ್ರೇ. ನಮ್ಮನೇಲಿ ಯಾರೂ ಎಬ್ಬಿಸಿಲ್ಲ. ಗೂಡು ಬಲಿಯೋವರೆಗೂ, ಐದು ದಿನ, ಮುಟ್ಟಂಗಿಲ್ಲ.”

“ಮತ್ತೆ ಕಾರು?”

“ನಮ್ಮನೆ ಸೇರಿದ್ಮೇಲೆ ಅದೂ ಕದಲಂಗಿಲ್ಲ.”

ಸಾಹೇಬರಿಗೆ ಹೇಗೆ ಮುಖ ತೋರಿಸುವುದೆಂದು ನಾನು ಒದ್ದಾಡುತ್ತಿದ್ದರೆ, ಅವರು ಬಂದು ಒಳಗೆ ಬಗ್ಗಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. “ದಿನಾ ಬೇಯಿಸೋನು ನಾನು. ನನ್ನ ಗಾಡೀಲೇ ಬಂದು ಮನೆ ಕಟ್ಟವಲ್ಲ, ಧೈರ್ಯ ನೋಡಿ!” ಕಿಟಕಿ ಇಳಿಸಿ, ಎತ್ತಿನ ಗಾಡಿಗಿಂತ ನಿಧಾನವಾಗಿ ಓಡಿಸಿ, ಕಾರನ್ನು ಮಾವನ ಮನೆ ಮುಂದಿನ ಹೊಂಗೆ ಮರದ ನೆರಳಿಗೆ ನಿಲ್ಲಿಸಿದರು. “ಬಾಡಿಗೆದಾರರು ಖಾಲಿ ಮಾಡೋವರೆಗೂ ಇಲ್ಲೇ ಇರ್ಲಿ. ಆಮೇಲೆ ಬೇಕಾದ್ರೆ ತಗೊಳ್ಳಿ, ಬ್ಯಾಡಾದ್ರೆ ಬಿಡಿ.”

ಮಾವನ ಐದು ದಿನ ಮುಗಿದ ಮಾರನೆಯ ಬೆಳಿಗ್ಗೆಯೇ ಸ್ಕೂಲು ತೆಗೆಯುವುದಿತ್ತು. ಬೇರೆ ಕಾರು ನೋಡಲು ಹೊತ್ತಿಲ್ಲ. ಹೆಂಡತಿಗೆ ನಾನೇ ವಿಷಯ ತಿಳಿಸಿದೆ, ಶಲ್ಯದ ಭಾಗ ಬಿಟ್ಟು. ಅದನ್ನು ಮಾವ ಸೇರಿಸಿದರು. ಅವಳು ಬೈಯಲಿಲ್ಲ. “ಕಾಗದ ಜೇಬಲ್ಲೇ ಇದೆ ತಾನೇ?” ಎಂದಷ್ಟೇ ಕೇಳಿದಳು. ಇದೆ ಎಂದೆ. ಮುಟ್ಟಿಯೂ ನೋಡಿಕೊಂಡೆ.

ಆ ಐದು ದಿನ ಕಾರಿನಲ್ಲಿ ಇರುವೆ, ಹಲ್ಲಿ ಕಾಯಲು ಯಾರಾದರೂ ಕೂರಬೇಕಿತ್ತು. ಹಿಂದೆ ಕೂರುವಂತಿರಲಿಲ್ಲ, ಎಡಗಡೆ ಸೀಟಿನಲ್ಲೂ ಹುಳುಗಳಿದ್ದವು. ಖಾಲಿಯಿದ್ದದ್ದು ಡ್ರೈವರ್ ಸೀಟೊಂದೇ. ಅವಳು ಬೆಳಿಗ್ಗೆ ಅಲ್ಲಿ ಕೂತರೆ ಊಟಕ್ಕೆ ಏಳುತ್ತಿದ್ದಳು. ನಾನು ಕೋರ್ಟು ಮುಗಿಸಿ ಬಸ್ಸು ಹಿಡಿದು ಅಲ್ಲಿಗೆ ಹೋದರೆ, ಸಾಹೇಬರು ತಮ್ಮ ಬಾಡಿಗೆದಾರರ ಯೋಗಕ್ಷೇಮಕ್ಕೆ ಬಂದು ಕಿಟಕಿಯ ಹೊರಗೆ ನಿಂತು ಪಾಠ ಹೇಳುತ್ತಿದ್ದರು.

“ಎಡಗಾಲು ಪೂರ್ತಿ ಒತ್ತಿ ಟೀಚರಮ್ಮ. ಈಗ ಗೇರು. ಹಾಂ. ಈಗ ಕಾಲು ನಿಧಾನ ಬಿಡಿ, ಮಗೂನ ಕೆಳಗಿಳಿಸಿದಂಗೆ.”

“ಇದು ಯಾಕೆ ಬೇಕು?” ಎಂದೆ ನಾನು. “ಗೇರು ಅಲ್ಲಾಡಿದ್ರೆ ಹುಳು ಅಲ್ಲಾಡುತ್ತೆ.”

“ನೀವು ಓಡಾಡೋದಕ್ಕೇ ಅವು ಹೆಚ್ಚಾಗಿ ಅಲ್ಲಾಡ್ತಾವೆ. ಒಂದ್ಕಡೆ ಕೂತ್ಕೊಳ್ರೀ,” ಎಂದಳು. ಎಂಜಿನ್ ಶುರುವೇ ಮಾಡದ ಕಾರಿನಲ್ಲಿ ಕೂತು ಅವಳು ಮನಸ್ಸಿನಲ್ಲೇ ಎಷ್ಟು ಸಲ ಚಿಂತಾಮಣಿಗೆ ಹೋಗಿ ಬಂದಳೋ ನನಗೆ ತಿಳಿಯದು. ಬೇಸರಕ್ಕೆ ಆಡುತ್ತಿದ್ದಾಳೆಂದೇ ನಾನು ತಿಳಿದಿದ್ದೆ.

ಸ್ಕೂಲು ತೆಗೆಯುವ ದಿನ ಬೆಳಿಗ್ಗೆ ಬೇಗ ಎದ್ದು ಗೂಡು ಬಿಡಿಸಿದೆವು. ಸೀಟಿನ ಹೊಲಿಗೆಯಿಂದ, ಚಾವಣಿಯಿಂದ, ಬಾಗಿಲ ಸಂದಿನಿಂದ. ಮಾವ ಪ್ರತಿ ಗೂಡನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಹುಳು ಕಟಕಟ ಅನ್ನುವುದನ್ನು ಕೇಳಿ ತಲೆದೂಗಿದರು. ಸೀಟಿಗೆ ಅಂಟಿದ ಎಳೆಗಳನ್ನು ಮಾತ್ರ ಪೂರ್ತಿ ಬಿಡಿಸಲಾಗಲಿಲ್ಲ.

ಅವಳು ಹಿಂದೆ ಕೂತಳು. ನಾನು ಓಡಿಸಿದೆ. ಓಡಿಸಿದೆ ಎಂದರೆ, ಎದುರಿಗೆ ಎತ್ತಿನ ಗಾಡಿ ಕಂಡರೆ ಬ್ರೇಕು, ಎಮ್ಮೆ ಕಂಡರೆ ಬ್ರೇಕು, ಏನೂ ಕಾಣದಿದ್ದರೆ ಏಕೆ ಕಾಣುತ್ತಿಲ್ಲವೆಂಬ ಅನುಮಾನಕ್ಕೆ ಬ್ರೇಕು. ತೊಟ್ಟಿಲಿನಂಥ ಕಾರು ನನ್ನ ಕೈಯಲ್ಲಿ ಒರಳಾಯಿತು. ಎರಡು ಮೈಲಿ ಹೋಗಿರಲಿಲ್ಲ, ಹಿಂದಿನಿಂದ ನನ್ನ ಭುಜ ಹಿಡಿದಳು. ನಿಲ್ಲಿಸಿದೆ. ಅವಳು ಇಳಿದು ಬೇಲಿಯ ಪಕ್ಕ ಕೂತಳು.

ಚೊಂಬಿನ ನೀರು ಆವತ್ತು ಉಪಯೋಗಕ್ಕೆ ಬಂತು. ಬಾಯಿ ಮುಕ್ಕಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಅವಳು ಎದ್ದು ಕಾರಿನ ಹತ್ತಿರ ಬಂದಳು. ಕಣ್ಣು ತುಂಬಿತ್ತು, ವಾಂತಿಗೋ ಬೇರೆಯದಕ್ಕೋ.

“ಕಾಗದ ಕೊಡಿ.”

ಕೊಟ್ಟೆ. ಬಾನೆಟ್ಟಿನ ಮೇಲಿಟ್ಟು ಸೈನ್ ಹಾಕಿದಳು. “ಹೆಡ್‌ಮೇಷ್ಟ್ರ ಕೈಗೆ ಕೊಟ್ಟು ಬಂದ್ಬಿಡಣ. ಸ್ಕೂಲು ಶುರುವಾಗೋಕೆ ಮುಂಚೆ. ಕ್ಲಾಸು ನೋಡಿದ್ಮೇಲೆ ನಂಗಾಗಲ್ಲ.”

ನಾನು ಡ್ರೈವರ್ ಸೀಟಿನ ಕಡೆ ನಡೆದೆ. ಅವಳು ಬಾಗಿಲಿಗೆ ಅಡ್ಡ ನಿಂತಳು.

“ನೀವು ಓಡಿಸಿದ್ರೆ ರಾಜೀನಾಮೆ ಕೊಡೋಕೂ ಟೈಮಿಗೆ ಹೋಗಲ್ಲ. ಹಿಂದೆ ಕೂತ್ಕೊಳ್ಳಿ.”

“ಲೈಸೆನ್ಸ್ ಇಲ್ಲ ಕಣೇ ನಿಂಗೆ! ನಾನು ವಕೀಲ!”

“ಅದಕ್ಕೇ ಹಿಂದೆ ಕೂತ್ಕೊಳ್ಳಿ ಅಂದಿದ್ದು. ಯಾರಿಗೂ ಕಾಣಲ್ಲ.”

ಕಾನೂನು ತಿಳಿದವನು ಈ ಭಾಗವನ್ನು ಬರೆಯಬಾರದು. ಮೂರು ಸಲ ಎಂಜಿನ್ ನಿಂತಿತು. ನಾಲ್ಕನೆಯ ಸಲ ಕಾರು, ಮಗುವನ್ನು ಕೆಳಗಿಳಿಸಿದಂತೆ, ಮೆತ್ತಗೆ ಮುಂದೆ ಹೋಯಿತು. ರಸ್ತೆ ಖಾಲಿಯಿತ್ತು. ಅವಳು ಬೆನ್ನು ನೆಟ್ಟಗೆ ಮಾಡಿ, ಕಪ್ಪು ಹಲಗೆಯ ಮುಂದೆ ನಿಂತವಳಂತೆ ರಸ್ತೆಯನ್ನು ನೋಡುತ್ತಿದ್ದಳು. ತಿರುವು ಬಂತು. ಸ್ಟೀರಿಂಗ್ ತಿರುಗಿಸಿದ ಬೀಸು ನನಗೆ ಪರಿಚಯದ್ದೆನಿಸಿತು: ಹಿತ್ತಲ ಗೋಡೆಯ ವೃತ್ತ. ನಾನು ಹಿಂದಿನ ಸೀಟಿನಲ್ಲಿ ಮುದುರಿ, ಇನ್ನೇನು ವಾಂತಿ ಬರುತ್ತದೆ, ಇನ್ನೇನು ಬರುತ್ತದೆ ಎಂದು ಕಾಯುತ್ತಿದ್ದೆ. ಬಂತು, ನನಗೆ. ಬೆಂದ ಹುಳುವಿನ ವಾಸನೆ, ಸೆಕೆ, ಭಯ. ಚಿಂತಾಮಣಿಯ ಊರಬಾಗಿಲಲ್ಲಿ ಕಾರು ನಿಲ್ಲಿಸಲು ಹೇಳಿ ಇಳಿದೆ. ಅವಳು ಬೆನ್ನು ನೀವಿದಳು.

“ನಿಂಗೆ?” ಎಂದೆ ಬಾಯಿ ಒರೆಸಿಕೊಂಡು.

ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಮರೆತಿದ್ದ ಯಾವುದೋ ಸಾಮಾನು ಹುಡುಕುವವಳಂತೆ ನಿಂತಳು. “ಏನೂ ಆಗಿಲ್ಲ,” ಎಂದಳು. ಇನ್ನೊಂದು ಸಲ, ತನಗೇ ಎಂಬಂತೆ, “ಏನೂ ಆಗಿಲ್ವಲ್ರೀ.”

ಓಡಿಸುವವರಿಗೆ ಹೊಟ್ಟೆ ತೊಳಸುವುದಿಲ್ಲವೆಂದು ಸಾಹೇಬರು ಆಮೇಲೆ ಹೇಳಿದರು, ಎಲ್ಲರಿಗೂ ಗೊತ್ತಿರುವ ವಿಷಯವೆಂಬಂತೆ. ಎರಡು ತಿಂಗಳು ಚೊಂಬು ಹಿಡಿದು ತಿರುಗಿದ ನನಗೆ ಯಾರೂ ಹೇಳಿರಲಿಲ್ಲ. ನಾನು ಕೇಳಿದ್ದೆಲ್ಲ ಹಿಂದಿನ ಸೀಟಿನ ವಿಚಾರ.

ಸ್ಕೂಲಿನ ಗೇಟಿನ ಮುಂದೆ ಅವಳು ಇಳಿದು ಸೀರೆ ಸರಿಮಾಡಿಕೊಂಡಳು. ಕಾಗದ ಸೀಟಿನ ಮೇಲಿತ್ತು. ಎತ್ತಿ ಕಿಟಕಿಯಿಂದ ಚಾಚಿದೆ. “ಇದು?”

“ದಾರೀಲಿ ಆ ಕಿಟಕಿ ಗಾಜು ಒಂದೇ ಸಮನೆ ಬಡ್ಕೋತಿತ್ತು,” ಎಂದಳು. “ಮಡಿಸಿ ಅಲ್ಲಿಗೆ ಸಿಕ್ಕಿಸಿ.” ಗಂಟೆ ಹೊಡೆಯಿತು. ಒಳಗೆ ಹೋದಳು.

ಸಿಕ್ಕಿಸಿದೆ. ಗಾಜು ಅಲುಗದಂತೆ ಬಿಗಿಯಾಗಿ ಕೂತಿತು. ಎಷ್ಟೋ ಹೊತ್ತು ಕಾರಿನಲ್ಲೇ ಕೂತಿದ್ದೆ, ಆವತ್ತಿನ ಕೋರ್ಟನ್ನು ಮರೆತು.

ಮುಂದಿನ ಒಂದು ತಿಂಗಳು ನಾನು ಲೈಸೆನ್ಸ್ ಇರುವವನಾಗಿ ಅವಳ ಪಕ್ಕದಲ್ಲಿ ಕೂತು ಹೋದೆ, ಪ್ರತಿ ಎಮ್ಮೆಗೂ ನೆಲಕ್ಕೆ ಕಾಲೊತ್ತುತ್ತ. ಆಮೇಲೆ ಅವಳದೇ ಲೈಸೆನ್ಸ್ ಬಂತು. ಕಾರು ನಮ್ಮದಾಯಿತು. ಅದರ ಸೀಟಿನ ಹೊಲಿಗೆಯಲ್ಲಿ ರೇಷ್ಮೆಯ ಎಳೆಗಳು ಕೊನೆಯವರೆಗೂ ಇದ್ದವು, ವಾಸನೆಯೂ.

ಸುಖವಾದ ಕಾರು ಹುಡುಕಿ ನಾನು ಪಡೆದ ಸುಖ ಇಷ್ಟು: ಸಂಜೆ ಐದೂವರೆಯಾದರೆ ಕೋರ್ಟಿನಿಂದ ಬಂದವನು ಕೋಟೂ ಬಿಚ್ಚದೆ ಜಗುಲಿಯ ಮೇಲೆ ನಿಲ್ಲುತ್ತಿದ್ದೆ. ಶಿಡ್ಲಘಟ್ಟ ದಾಟಿರಬೇಕು. ಟೈರು? ಬ್ರೇಕು? ಕೆರೆ ಏರಿ? ಕೈ ತಾನಾಗಿ ಒಳಜೇಬಿಗೆ ಹೋಗುತ್ತಿತ್ತು. ಅಲ್ಲಿ ಏನೂ ಇರುತ್ತಿರಲಿಲ್ಲ. ಬೀದಿಯ ಕೊನೆಯಲ್ಲಿ ಅಗಲ ಮೂತಿ ಕಂಡೊಡನೆ ಒಳಗೆ ಓಡಿಹೋಗಿ, ಆಗಿನಿಂದ ಪೇಪರು ಓದುತ್ತ ಕೂತಿದ್ದವನಂತೆ ಕೂರುತ್ತಿದ್ದೆ.

“ಪೇಪರು ತಲೆಕೆಳಗಾಗಿದೆ,” ಎನ್ನುತ್ತ ಅವಳು ಚಪ್ಪಲಿ ಬಿಡುತ್ತಿದ್ದಳು. ಸೆರಗಿನ ಅಂಚಿನಲ್ಲಿ ಸೀಮೆಸುಣ್ಣದ ಪುಡಿ ಇರುತ್ತಿತ್ತು.